ರಕ್ತವೂ ಅದರ ವ್ಯಾಧಿಗಳೂ
(ಮಹೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಕನ್ನಡಿಗರ ಮಾತುಕತೆಯಲ್ಲಿ ರಕ್ತದ ಪ್ರಸ್ತಾಪವು ಬಾರದ ದಿನವಿಲ್ಲ. ಬಂಧುತ್ವವನ್ನು ರಕ್ತಸಂಬಂಧವೆನ್ನುವರು, ಕೋಪ ಬಂದರೆ ನೆತ್ತರು ಕುದಿಯಿತೆನ್ನುವರು, ಕಷ್ಟಪಟ್ಟು ದುಡಿದವನನ್ನು ನೆತ್ತರು ಬಸಿದು ದುಡಿದನೆಂದು ಹೊಗಳುವರು. ಹೀಗೆ ನಾಲಗೆಯ ತುದಿಯಲ್ಲಿಯೇ ಇರುವ ಈ ವಸ್ತುವು ನಿಜವಾಗಿ ಏನು, ಅದು ದೇಹದಲ್ಲಿ ಮಾಡುವ ಕೆಲಸವೇನು, ಅದಕ್ಕೆ ತಗಲುವ ರೋಗಗಳಾವುವು ಎಂಬುದನ್ನು ತಿಳಿದವರು ಮಾತ್ರ ವಿರಳ. ಈ ಅಜ್ಞಾನದಿಂದ ಎರಡು ಅನರ್ಥಗಳು ಉಂಟಾಗಿವೆ. ತಡೆಯಬಹುದಾದ ರಕ್ತಹೀನತೆಯನ್ನು ಹೆಂಗಸರಿಗೆ ಸಹಜವಾದ ನಿಶ್ಶಕ್ತಿಯೆಂದು ಭಾವಿಸಿ ಸುಮ್ಮನಿರುವುದು ಒಂದು. ಸಾಯುತ್ತಿರುವವನಿಗೆ ಒಂದು ಚೀಲ ರಕ್ತವನ್ನು ಕೊಡಲು ಗಟ್ಟಿಮುಟ್ಟಾದ ತರುಣನೂ ಹೆದರಿ ಹಿಂಜರಿಯುವುದು ಇನ್ನೊಂದು. ಈ ಎರಡು ಅನರ್ಥಗಳ ಪರಿಹಾರವೇ ಈ ಉಪನ್ಯಾಸದ ಮುಖ್ಯೋದ್ದೇಶವು.

ರಕ್ತದ ಪರಿಚಲನೆ

ಪ್ರಾಚೀನರು ರಕ್ತವನ್ನು ಸಪ್ತಧಾತುಗಳಲ್ಲಿ ಒಂದೆಂದು ಎಣಿಸಿದ್ದರು. ಪಾಶ್ಚಾತ್ಯ ವೈದ್ಯರು ಬಹುಕಾಲದವರೆಗೆ, ತಿಂದ ಅನ್ನವು ಯಕೃತ್ತಿನಲ್ಲಿ ರಕ್ತವಾಗಿ ಮಾರ್ಪಟ್ಟು, ಅಂಗಾಂಗಗಳಿಗೆ ಹರಿದುಹೋಗಿ ಅಲ್ಲಿಯೇ ವ್ಯಯವಾಗುತ್ತದೆಂದು ನಂಬಿದ್ದರು. ಈ ನಂಬಿಕೆಯನ್ನು ಮುರಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. 1628ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಒಂದು ಸರಳವಾದ ಲೆಕ್ಕವನ್ನು ಮುಂದಿಟ್ಟನು. ಹೃದಯವು ಒಂದು ಬಡಿತಕ್ಕೆ ಅಲ್ಪಸ್ವಲ್ಪ ರಕ್ತವನ್ನೇ ಹೊರದೂಡುವುದೆಂದು ಹಿಡಿದರೂ, ಅರ್ಧ ಗಂಟೆಯ ಬಡಿತಗಳಿಗೆ ಹೊರಬೀಳುವ ರಕ್ತವು ಇಡೀ ಶರೀರದಲ್ಲಿರುವುದಕ್ಕಿಂತ ಹೆಚ್ಚಾಗುತ್ತದೆ. ಅಷ್ಟು ರಕ್ತವನ್ನು ಯಾವ ಅನ್ನವೂ ಅಷ್ಟು ಬೇಗ ಉತ್ಪಾದಿಸಲಾರದು. ಆದುದರಿಂದ ಹೊರಟ ರಕ್ತವೇ ಸುತ್ತಿ ಬಂದು ಮತ್ತೆ ಹೃದಯವನ್ನು ಸೇರಲೇಬೇಕು. ಅಪಧಮನಿಗಳಿಂದ ಅಭಿಧಮನಿಗಳಿಗೆ ರಕ್ತವು ಯಾವ ದಾರಿಯಿಂದ ದಾಟುವುದೆಂಬುದನ್ನು ಹಾರ್ವೆಯು ಕಣ್ಣಾರೆ ಕಾಣಲಿಲ್ಲ. ಆತನು ತೀರಿಕೊಂಡ ಮೇಲೆ, 1661ರಲ್ಲಿ, ಇಟಲಿಯ ಮಾರ್ಚೆಲ್ಲೊ ಮಾಲ್ಪೀಘಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೂದಲಿಗಿಂತಲೂ ಸಣ್ಣವಾದ ಲೋಮನಾಳಗಳನ್ನು ಕಂಡನು. ಅಲ್ಲಿಗೆ ಹಾರ್ವೆಯ ವೃತ್ತವು ಪೂರ್ಣವಾಯಿತು.

ಪ್ರಾಪ್ತವಯಸ್ಕನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುವುದು; ಅಂದರೆ ಮೈತೂಕದ ಹದಿಮೂರನೆಯ ಒಂದು ಪಾಲು. ಹೃದಯವು ನಿಮಿಷಕ್ಕೆ ಎಪ್ಪತ್ತು ಬಾರಿ ಬಡಿದು ಸುಮಾರು ಅಷ್ಟೇ ಪ್ರಮಾಣದ ರಕ್ತವನ್ನು ದೂಡುವುದರಿಂದ, ಮನುಷ್ಯನು ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೊಮ್ಮೆ ಅವನ ರಕ್ತವೆಲ್ಲವೂ ಹೃದಯವನ್ನು ಹಾದುಹೋಗುತ್ತದೆಂದು ಹೇಳಬಹುದು.

ರಕ್ತದ ಘಟಕಗಳು

ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಗಾಜಿನ ನಳಿಗೆಯಲ್ಲಿ ನಿಲ್ಲಿಸಿದರೆ ಅದು ಪದರಗಳಾಗಿ ಬೇರ್ಪಡುವುದು. ಮೇಲ್ಗಡೆ ಒಣಹುಲ್ಲಿನ ಬಣ್ಣದ ತಿಳಿಯಾದ ರಕ್ತರಸವಿರುವುದು. ಇದು ಸುಮಾರು ಶೇಕಡ 55 ಭಾಗ. ತಳದಲ್ಲಿ ದಟ್ಟವಾದ ಕೆಂಪು ಕಣಗಳ ರಾಶಿ. ಇವೆರಡರ ನಡುವೆ ಕೆನೆಯಂತಹ ತೆಳ್ಳನೆಯ ಬಿಳಿಯ ಪೊರೆಯೊಂದು ಕಾಣುವುದು. ಬಿಳಿಯ ಕಣಗಳೂ ಪ್ಲೇಟ್‌ಲೆಟ್ಟುಗಳೂ ಇದರಲ್ಲಿ ಸೇರಿವೆ.

ಕೆಂಪು ಕಣವು ನಡುವೆ ತಗ್ಗಾದ ಬಿಲ್ಲೆಯಂತಿರುವುದು. ಅದರ ಅಡ್ಡಳತೆಯು ಒಂದು ಮಿಲಿಮೀಟರಿನ ಸಾವಿರದ ಏಳೆಂಟು ಪಾಲು ಮಾತ್ರ. ಒಂದು ಘನ ಮಿಲಿಮೀಟರು ರಕ್ತದಲ್ಲಿ, ಅಂದರೆ ಸಾಸಿವೆಯ ಕಾಳಿಗಿಂತ ಸಣ್ಣ ಹನಿಯಲ್ಲಿ, ಇಂತಹ ಕಣಗಳು ಗಂಡಸರಲ್ಲಿ ಸುಮಾರು 50 ಲಕ್ಷ, ಹೆಂಗಸರಲ್ಲಿ ಸುಮಾರು 45 ಲಕ್ಷ ಇರುವುವು. ಈ ಕಣಗಳಿಗೆ ಬೀಜಕೇಂದ್ರವಿಲ್ಲ. ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಇದ್ದ ಕೇಂದ್ರವನ್ನು ಹೊರಗೆ ತಳ್ಳಿಯೇ ಅವು ನಾಳಗಳನ್ನು ಸೇರುತ್ತವೆ. ಹೊರೆ ಹೊರಲು ಇನ್ನಷ್ಟು ಜಾಗವಿರಲೆಂದು ತನ್ನ ಸಾಮಾನನ್ನು ಮನೆಯಲ್ಲಿಟ್ಟು ಹೊರಟ ಹಮಾಲಿಯಂತೆ. ಆದುದರಿಂದಲೇ ಅವು ತಮ್ಮನ್ನು ತಾವು ದುರಸ್ತಿ ಮಾಡಿಕೊಳ್ಳಲಾರದೆ ಸುಮಾರು 120 ದಿನ ದುಡಿದು ಸವೆಯುತ್ತವೆ. ಸವೆದ ಕಣಗಳನ್ನು ಮುಖ್ಯವಾಗಿ ಗುಲ್ಮವೂ ಯಕೃತ್ತೂ ಒಡೆದು, ಅವುಗಳೊಳಗಿನ ಕಬ್ಬಿಣವನ್ನು ಜೋಪಾನವಾಗಿ ಮಜ್ಜೆಗೆ ಹಿಂದಿರುಗಿಸುತ್ತವೆ. ಸವೆದುದರ ಸ್ಥಾನವನ್ನು ತುಂಬಲು ಮಜ್ಜೆಯು ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಮೀರಿ ಹೊಸ ಕಣಗಳನ್ನು ಸೃಷ್ಟಿಸುತ್ತಿರುವುದು.

ಈ ಕಣಗಳ ಸರ್ವಸ್ವವೂ ಹಿಮೋಗ್ಲೋಬಿನ್ ಎಂಬ ಕೆಂಪು ಸಸಾರಜನಕ ವಸ್ತುವೇ. ಅದರ ಒಂದೊಂದು ಅಣುವಿನಲ್ಲಿಯೂ ನಾಲ್ಕು ಎಳೆಗಳಿದ್ದು, ಒಂದೊಂದು ಎಳೆಯ ಮಡಿಲಿನಲ್ಲಿಯೂ ಕಬ್ಬಿಣದ ಒಂದು ಪರಮಾಣುವಿರುವುದು. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ಅಂಗಾಂಗಗಳಲ್ಲಿ ಬಿಟ್ಟುಕೊಡುವುದು ಈ ಕಬ್ಬಿಣದ ಕೆಲಸ. ಇದರ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಬರಿಯ ರಕ್ತರಸವು ಲೀಟರಿಗೆ ಸುಮಾರು 3 ಮಿಲಿಲೀಟರು ಆಮ್ಲಜನಕವನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. ಹಿಮೋಗ್ಲೋಬಿನ್ ಕೂಡಿದ ರಕ್ತವಾದರೋ ಸುಮಾರು 200 ಮಿಲಿಲೀಟರನ್ನು ಹೊರುತ್ತದೆ. ಇಷ್ಟು ದೊಡ್ಡ ಕಾರ್ಯಕ್ಕೆ ಆಧಾರವಾದ ಕಬ್ಬಿಣವು ಇಡೀ ದೇಹದಲ್ಲಿ ಇರುವುದು ಮೂರು ನಾಲ್ಕು ಗ್ರಾಂ ಮಾತ್ರ. ಒಂದು ಸಣ್ಣ ಮೊಳೆಯ ತೂಕದಷ್ಟು ಲೋಹವು ಮನುಷ್ಯನ ಉಸಿರನ್ನು ಹಿಡಿದು ನಿಲ್ಲಿಸಿದೆ!

ಬಿಳಿಯ ಕಣಗಳು ಘನ ಮಿಲಿಮೀಟರಿಗೆ 4,000ದಿಂದ 11,000ದವರೆಗೆ ಇರುವುವು. ಇವು ದೇಹವೆಂಬ ಕೋಟೆಯ ಕಾವಲುಗಾರರು. ಕೆಲವು ಕಣಗಳು ರೋಗಾಣುಗಳನ್ನು ಸುತ್ತುವರಿದು ನುಂಗುತ್ತವೆ; ಕೆಲವು, ಒಮ್ಮೆ ಕಂಡ ಶತ್ರುವನ್ನು ಮರೆಯದೆ ನೆನಪಿಟ್ಟುಕೊಂಡು ಅದಕ್ಕೆ ತಕ್ಕ ಪ್ರತಿವಿಷವನ್ನು ಸಿದ್ಧಪಡಿಸುತ್ತವೆ. ದೇವಿ ಹಾಕಿಸುವುದೇ ಮೊದಲಾದ ಎಲ್ಲ ಚುಚ್ಚುಮದ್ದುಗಳ ಗುಟ್ಟೂ ಈ ನೆನಪಿನಲ್ಲಿಯೇ ಅಡಗಿರುವುದು. ಗಾಯದಲ್ಲಿ ಕೂಡುವ ಕೀವು ಬಹುಮಟ್ಟಿಗೆ ಹೋರಾಡಿ ಮಡಿದ ಬಿಳಿಯ ಕಣಗಳ ರಾಶಿ.

ಇನ್ನು ಪ್ಲೇಟ್‌ಲೆಟ್ಟುಗಳು. ಘನ ಮಿಲಿಮೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಈ ಚೂರುಗಳು ನಾಳವು ಹರಿದಲ್ಲಿ ಒಂದಕ್ಕೊಂದು ಅಂಟಿಕೊಂಡು ರಂಧ್ರವನ್ನು ಮುಚ್ಚುತ್ತವೆ. ಆ ಬಳಿಕ ರಕ್ತರಸದಲ್ಲಿರುವ ಹಲವು ಅಂಶಗಳು ಒಂದನ್ನೊಂದು ಎಚ್ಚರಿಸುತ್ತ ಹೋಗಿ, ಕಡೆಗೆ ಫೈಬ್ರಿನ್ ಎಂಬ ನಾರಿನ ಬಲೆಯನ್ನು ಹೆಣೆಯುತ್ತವೆ. ರಕ್ತವು ಗಾಯದಲ್ಲಿ ಹೆಪ್ಪುಗಟ್ಟಬೇಕು, ನಾಳದಲ್ಲಿ ಹೆಪ್ಪುಗಟ್ಟಬಾರದು. ಈ ತೂಗುವಿಕೆಯು ಒಂದು ಕಡೆಗೆ ವಾಲಿದರೆ ನಿಲ್ಲದ ರಕ್ತಸ್ರಾವ. ಇನ್ನೊಂದು ಕಡೆಗೆ ವಾಲಿದರೆ ಹೃದಯಾಘಾತ, ಪಾರ್ಶ್ವವಾಯುಗಳಂತಹ ವಿಪತ್ತು.

ರಕ್ತದ ಗುಂಪುಗಳು

ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಯತ್ನವು ಹಳೆಯದು. 1667ರಲ್ಲಿ ಫ್ರಾನ್ಸಿನ ಜಾನ್ ಬಾಪ್ಟಿಸ್ಟ್ ಡೆನಿಸನು ಕುರಿಮರಿಯ ರಕ್ತವನ್ನು ಮನುಷ್ಯನಿಗೆ ಹಾಕಿದನು. ಮುಂದೆ ರೋಗಿಯೊಬ್ಬನು ಸತ್ತ ಮೇಲೆ ಅಂತಹ ಪ್ರಯೋಗಗಳು ನಿಷಿದ್ಧವಾದುವು. 1818ರಲ್ಲಿ ಲಂಡನ್ನಿನ ಜೇಮ್ಸ್ ಬ್ಲಂಡೆಲನು ಮನುಷ್ಯರಿಗೆ ಮನುಷ್ಯರ ರಕ್ತವನ್ನೇ ಕೊಡಲಾರಂಭಿಸಿದನು. ಹೆರಿಗೆಯಲ್ಲಿ ರಕ್ತ ಸೋರಿ ಸಾಯುತ್ತಿದ್ದ ತಾಯಂದಿರನ್ನು ಕಂಡು ಆತನ ಮನಸ್ಸು ಕರಗಿದ್ದಿತು. ಆದರೆ ಕೆಲವರು ಬದುಕಿದರು, ಕೆಲವರು ಒಡನೆಯೇ ಸತ್ತರು. ಕಾರಣವು ಮಾತ್ರ ಯಾರಿಗೂ ತಿಳಿಯದು.

ಆ ಕಾರಣವನ್ನು ವಿಯೆನ್ನಾ ನಗರದ ಕಾರ್ಲ್ ಲಾಂಡ್‌ಸ್ಟೈನರನು 1901ರಲ್ಲಿ ಹೊರಗೆಡಹಿದನು. ಒಬ್ಬರ ರಕ್ತರಸವನ್ನು ಇನ್ನೊಬ್ಬರ ಕೆಂಪು ಕಣಗಳೊಡನೆ ಬೆರಸಿದಾಗ ಕೆಲವು ಜೋಡಿಗಳಲ್ಲಿ ಕಣಗಳು ಗುಂಪುಗೂಡಿ ಗಂಟಾಗುವುದನ್ನೂ, ಕೆಲವು ಜೋಡಿಗಳಲ್ಲಿ ಹಾಗಾಗದಿರುವುದನ್ನೂ ಆತನು ಗಮನಿಸಿದನು. ಹೀಗೆ ಎ, ಬಿ, ಓ ಎಂಬ ಗುಂಪುಗಳು ಗೊತ್ತಾದುವು. ಎಬಿ ಎಂಬ ನಾಲ್ಕನೆಯದು ಮರುವರ್ಷ ಸೇರಿತು. 1940ರಲ್ಲಿ ಲಾಂಡ್‌ಸ್ಟೈನರನೂ ವೀನರನೂ ಆರ್‌ಎಚ್ ಎಂಬ ಇನ್ನೊಂದು ಗುರುತನ್ನು ಪ್ರಕಟಿಸಿದರು. ತಾಯಿಯು ಆರ್‌ಎಚ್ ಇಲ್ಲದವಳಾಗಿದ್ದು ಗರ್ಭಸ್ಥ ಶಿಶುವು ಆರ್‌ಎಚ್ ಉಳ್ಳದ್ದಾದರೆ, ಮುಂದಿನ ಬಸಿರುಗಳಲ್ಲಿ ತಾಯಿಯ ರಕ್ತದ ಪ್ರತಿವಿಷವು ಶಿಶುವಿನ ಕಣಗಳನ್ನು ಒಡೆಯುವುದುಂಟು. ಒಂದಾದ ಮೇಲೊಂದು ಕೂಸನ್ನು ಕಳೆದುಕೊಂಡ ಎಷ್ಟೋ ತಾಯಂದಿರನ್ನು ಲೋಕವು ನಿಷ್ಕಾರಣವಾಗಿ ದೂರಿತು. 1968ರಿಂದ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದನ್ನು ಸಕಾಲದಲ್ಲಿ ಕೊಟ್ಟರೆ ಈ ವಿಪತ್ತು ಬಹುಮಟ್ಟಿಗೆ ತಪ್ಪುವುದು.

1952ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ವೈ. ಎಂ. ಭೇಂಡೆಯವರೂ ಅವರ ಸಹಕಾರಿಗಳೂ ಓ ಗುಂಪಿನಂತೆಯೇ ಕಂಡರೂ ಓ ಗುಂಪಿನ ರಕ್ತವನ್ನು ಸಹ ಸಹಿಸದ ಒಂದು ಅಪೂರ್ವ ಗುಂಪನ್ನು ವರದಿ ಮಾಡಿದರು. ಅದು ಲೋಕದಲ್ಲೆಲ್ಲ ಬಾಂಬೆ ಗುಂಪೆಂದೇ ಪ್ರಸಿದ್ಧವಾಗಿದೆ. ಈ ಗುಂಪಿನವರಿಗೆ ಇದೇ ಗುಂಪಿನವರ ರಕ್ತವಲ್ಲದೆ ಬೇರೆ ಗತಿಯಿಲ್ಲ.

ಇಲ್ಲಿ ಒಂದು ವಿಚಾರವು ಮನನೀಯವಾಗಿದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನದು ಎ, ಇನ್ನೊಬ್ಬನದು ಬಿ ಆಗಿರಬಹುದು. ಆಗ ಒಡಹುಟ್ಟಿದವನ ರಕ್ತವೇ ವಿಷವಾಗುವುದು. ಹೆಸರೂರು ಅರಿಯದ ಪರಕೀಯನ ರಕ್ತವು ಸರಿಹೊಂದಿ ಪ್ರಾಣವನ್ನು ಉಳಿಸುವುದು. ಜಾತಿ, ಕುಲ, ಐಶ್ವರ್ಯಗಳ ಗುರುತನ್ನು ಯಾವ ಸೂಕ್ಷ್ಮದರ್ಶಕವೂ ರಕ್ತದ ಹನಿಯಲ್ಲಿ ಕಂಡಿಲ್ಲ. ಹುಟ್ಟಿನಿಂದ ಹೆಚ್ಚು ಕಡಿಮೆಗಳನ್ನು ಎಣಿಸಬಾರದೆಂದು ಶರಣರು ಹನ್ನೆರಡನೆಯ ಶತಮಾನದಲ್ಲಿ ಸಾರಿದುದಕ್ಕೆ ಪ್ರಯೋಗಶಾಲೆಯ ಗಾಜಿನ ನಳಿಗೆಯೂ ಸಾಕ್ಷಿ ನುಡಿಯುತ್ತಿದೆ.

ರಕ್ತಹೀನತೆ

ಈಗ ವ್ಯಾಧಿಗಳ ವಿಚಾರ. ಇವುಗಳಲ್ಲಿ ಅಗ್ರಸ್ಥಾನವು ರಕ್ತಹೀನತೆಗೆ ಸಲ್ಲುವುದು. ಹಿಮೋಗ್ಲೋಬಿನ್ನಿನ ಪ್ರಮಾಣವು ನೂರು ಮಿಲಿಲೀಟರು ರಕ್ತದಲ್ಲಿ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12 ಗ್ರಾಂ, ಬಸುರಿಯರಿಗೆ 11 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 57 ಮಂದಿಯೂ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67 ಮಂದಿಯೂ ರಕ್ತಹೀನರು. ಎಂದರೆ ಒಂದು ಸಭೆಯಲ್ಲಿ ನೂರು ಮಂದಿ ಮಾತೆಯರು ಕುಳಿತಿದ್ದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ವ್ಯಾಧಿಗೆ ತುತ್ತಾಗಿರಬಹುದೆಂದು ಅರ್ಥ.

ಲಕ್ಷಣಗಳೇನು? ಸ್ವಲ್ಪ ಕೆಲಸಕ್ಕೆ ಏದುಸಿರು, ಎದೆ ಡವಗುಟ್ಟುವುದು, ತಲೆ ಸುತ್ತುವುದು, ಕಣ್ಣುರೆಪ್ಪೆಯ ಒಳಭಾಗವೂ ನಾಲಗೆಯೂ ಉಗುರೂ ಬಿಳಿಚಿಕೊಳ್ಳುವುದು; ಮಣ್ಣು, ಬಳಪ, ಅಕ್ಕಿಯನ್ನು ತಿನ್ನುವ ಬಯಕೆ; ಮಕ್ಕಳಲ್ಲಿ ಪಾಠದ ಮೇಲೆ ಗಮನ ನಿಲ್ಲದಿರುವುದು. ಸೊಸೆಯು ಸೋಮಾರಿಯೆಂದು ಅತ್ತೆಯೂ, ಹುಡುಗನು ದಡ್ಡನೆಂದು ಉಪಾಧ್ಯಾಯನೂ ಗದರಿಸುವಾಗ, ಎಷ್ಟೋ ವೇಳೆ ತಪ್ಪು ಆ ಸೊಸೆಯದೂ ಅಲ್ಲ, ಹುಡುಗನದೂ ಅಲ್ಲ. ಅವರ ರಕ್ತದಲ್ಲಿನ ಕಬ್ಬಿಣದ ಕೊರತೆಯದು.

ಕೊರತೆಗೆ ಕಾರಣಗಳು ಹಲವು. ಸ್ತ್ರೀಯರಿಗೆ ತಿಂಗಳು ತಿಂಗಳೂ ರಕ್ತವು ಹೋಗುವುದು. ಒಂದು ಬಸಿರಿಗೆ ಸುಮಾರು 1 ಗ್ರಾಂ ಕಬ್ಬಿಣವು ಹೆಚ್ಚಾಗಿ ಬೇಕಾಗುವುದು. ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವ ಗೃಹಿಣಿಗೆ ಅದು ಎಲ್ಲಿಂದ ಬರಬೇಕು? ಬರಿಗಾಲಿನಲ್ಲಿ ಹೊಲಗದ್ದೆಗಳನ್ನು ತುಳಿಯುವವರ ಪಾದದ ಚರ್ಮವನ್ನು ಕೊರೆದು ಒಳಹೊಕ್ಕ ಕೊಕ್ಕೆಹುಳುವು ಕರುಳಿಗೆ ಕಚ್ಚಿಕೊಂಡು ದಿನದಿನವೂ ರಕ್ತವನ್ನು ಹೀರುವುದು. ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವಾದರೋ ಮಾಂಸದಲ್ಲಿರುವ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದೊಡನೆ ಕುಡಿದ ಚಹವೂ ಕಾಫಿಯೂ ಅದನ್ನು ಇನ್ನಷ್ಟು ತಡೆಯುತ್ತವೆ.

ಹಾಗೆಂದು ಸಸ್ಯಾಹಾರಿಗಳು ನಿರಾಶರಾಗಬೇಕಾದುದಿಲ್ಲ. ಹುರುಳಿ, ಹೆಸರು, ಕಡಲೆಗಳನ್ನು ನೆನೆಹಾಕಿ ಮೊಳಕೆ ಬರಿಸಿದರೆ ಅವುಗಳಲ್ಲಿನ ಕಬ್ಬಿಣವು ಹೆಚ್ಚು ಸುಲಭವಾಗಿ ದೊರೆಯುವುದು. ನೆಲ್ಲಿಕಾಯಿ, ನಿಂಬೆ, ಸೀಬೆಗಳಲ್ಲಿರುವ ಸಿ ಜೀವಸತ್ತ್ವವು ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುವುದು. ಆದುದರಿಂದ ಮೊಳಕೆ ಕಾಳಿನ ಉಸಲಿಗೆ ನಿಂಬೆಯ ಹುಳಿ ಹಿಂಡುವುದು ರುಚಿಗೆ ಮಾತ್ರವಲ್ಲ, ರಕ್ತಕ್ಕೂ ಹಿತ. ಚಹ ಕಾಫಿಗಳನ್ನು ಊಟಕ್ಕೆ ಒಂದು ಗಂಟೆ ಮುಂಚೆಯೋ ಅನಂತರವೋ ಇಟ್ಟುಕೊಳ್ಳಬೇಕು. ಮಠಗಳ ಪ್ರಸಾದನಿಲಯಗಳಲ್ಲಿ ಸಾವಿರಾರು ಮಕ್ಕಳಿಗೆ ಅನ್ನವಿಕ್ಕುವ ಮಹನೀಯರು ಈ ಸಣ್ಣ ಸಂಗತಿಗಳನ್ನು ಪಾಕಶಾಲೆಯಲ್ಲಿ ಜಾರಿಗೆ ತಂದರೆ ಅದರ ಫಲವು ಮಕ್ಕಳ ಮುಖದಲ್ಲಿಯೇ ಕಾಣುವುದು. ಆದರೆ ಕೊರತೆಯು ಒಮ್ಮೆ ಬೇರೂರಿದ ಮೇಲೆ ಆಹಾರವೊಂದೇ ಸಾಲದು. ಕಬ್ಬಿಣದ ಗುಳಿಗೆಯೇ ಬೇಕು. ಸರ್ಕಾರವು 2018ರಲ್ಲಿ ಆರಂಭಿಸಿದ ರಕ್ತಹೀನತಾಮುಕ್ತ ಭಾರತವೆಂಬ ಯೋಜನೆಯಲ್ಲಿ ಬಸುರಿಯರಿಗೆ 60 ಮಿಲಿಗ್ರಾಂ ಕಬ್ಬಿಣವೂ ಫೋಲಿಕ್ ಆಮ್ಲವೂ ಕೂಡಿದ ಗುಳಿಗೆಯನ್ನು 180 ದಿನ ಉಚಿತವಾಗಿ ಕೊಡುವ ಏರ್ಪಾಡಿದೆ. ಗುಳಿಗೆಯಿಂದ ಮಲವು ಕಪ್ಪಾಗುವುದೂ ಹೊಟ್ಟೆ ತೊಳಸುವುದೂ ಉಂಟು. ಅದಕ್ಕೆ ಹೆದರಿ ಬಿಸಾಡುವವರು ತಮ್ಮ ಜತೆಗೆ ಕೂಸಿನ ಪಾಲನ್ನೂ ಬಿಸಾಡಿದಂತಾಗುವುದು. ಗಂಡಸರಿಗೂ ಮುಟ್ಟು ನಿಂತ ಹೆಂಗಸರಿಗೂ ರಕ್ತಹೀನತೆ ಬಂದರೆ ಗುಳಿಗೆ ನುಂಗಿ ಸುಮ್ಮನಾಗಬಾರದು. ಜಠರ ಕರುಳುಗಳಲ್ಲಿ ಗುಟ್ಟಾಗಿ ರಕ್ತವು ಸೋರುತ್ತಿರುವುದೋ ಎಂಬುದನ್ನು ಪರೀಕ್ಷಿಸಲೇಬೇಕು.

ರಕ್ತಹೀನತೆಯಲ್ಲಿ ಕಬ್ಬಿಣದ ಕೊರತೆಯಿಂದಲ್ಲದ ಬಗೆಗಳೂ ಇವೆ. ಬಿ-12 ಎಂಬ ಜೀವಸತ್ತ್ವವಿಲ್ಲದಿದ್ದರೆ ಮಜ್ಜೆಯಲ್ಲಿ ಕಣಗಳು ಸರಿಯಾಗಿ ಪಕ್ವವಾಗುವುದಿಲ್ಲ. ಕೈಕಾಲು ಜೋಮು ಹಿಡಿಯುವುದು, ಉರಿಯುವುದು, ಮರೆವು ಮೊದಲಾದ ನರದೌರ್ಬಲ್ಯಗಳೂ ತಲೆದೋರುತ್ತವೆ. ಈ ಜೀವಸತ್ತ್ವವು ಧಾನ್ಯ, ಕಾಯಿಪಲ್ಯ, ಹಣ್ಣುಗಳಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಅದು ಹಾಲು, ಮೊಸರು, ಮಜ್ಜಿಗೆಗಳಿಂದಲೇ ದೊರೆಯಬೇಕು. ನಿಷ್ಠೆಯಿಂದ ಶಾಕಾಹಾರವನ್ನು ಪಾಲಿಸುವ ಮನೆಗಳಲ್ಲಿ ಹಾಲೆಲ್ಲವನ್ನೂ ಡೈರಿಗೆ ಅಳೆದು, ಮನೆಯ ಹಿರಿಯರಿಗೂ ಹೆಂಗಸರಿಗೂ ಮಜ್ಜಿಗೆಯ ನೀರನ್ನು ಮಾತ್ರ ಉಳಿಸುವ ಪದ್ಧತಿಯು ಈ ದೃಷ್ಟಿಯಿಂದ ಹಾನಿಕರ. ವೃದ್ಧರು ಕೈಕಾಲು ಜೋಮೆಂದರೆ ವಯಸ್ಸಿನ ದೋಷವೆಂದು ತಳ್ಳಿಹಾಕದೆ ರಕ್ತವನ್ನು ಪರೀಕ್ಷಿಸುವುದು ಲೇಸು. ಕೊರತೆಯಿದ್ದರೆ ಗುಳಿಗೆಯಿಂದಲೋ ಚುಚ್ಚುಮದ್ದಿನಿಂದಲೋ ಅದು ನೀಗುವುದು; ತಡಮಾಡಿದರೆ ನರಗಳಿಗಾದ ಕೇಡು ಮತ್ತೆ ಸರಿಹೋಗದಿರಬಹುದು.

ಮುಂಬಯಿಯಿಂದ ಬಾಸ್ಟನ್ನಿನವರೆಗೆ

ಫೋಲಿಕ್ ಆಮ್ಲದ ವೃತ್ತಾಂತವು ಭಾರತದೊಡನೆ ಹೆಣೆದುಕೊಂಡಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಎಂಬಾಕೆಯು ಬಸುರಿಯರ ರಕ್ತಹೀನತೆಯ ಕಾರಣವನ್ನು ಹುಡುಕಲು 1928ರಲ್ಲಿ ಮುಂಬಯಿಗೆ ಬಂದಳು. ಅಲ್ಲಿಯ ಬಡ ಸ್ತ್ರೀಯರ ಕೇರಿಗಳಲ್ಲಿ ಅವರ ಊಟವೇನು, ವಸತಿಯೇನು ಎಂಬುದನ್ನು ವಿಚಾರಿಸಿದಳು. ಸೋಂಕಿನಿಂದ ಈ ರೋಗವು ಬರುವುದೆಂಬ ಶಂಕೆಯು ನಿರಾಧಾರವೆಂದೂ, ಆಹಾರದ ಕೊರತೆಯೇ ಮೂಲವೆಂದೂ ಆಕೆಗೆ ಮನವರಿಕೆಯಾಯಿತು. ಅಂದಿನ ಶುದ್ಧೀಕರಿಸಿದ ಯಕೃತ್ಸಾರವು ಈ ರೋಗಿಗಳಿಗೆ ಗುಣವನ್ನು ಕೊಡಲಿಲ್ಲ. ಅಗ್ಗವಾಗಿ ಸಿಗುತ್ತಿದ್ದ ಮಾರ್ಮೈಟ್ ಎಂಬ ಯೀಸ್ಟಿನ ಸಾರವು ಗುಣಪಡಿಸಿತು. ಈ ವಿಷಯವನ್ನು ಆಕೆಯು 1931ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿ ಅಡಗಿದ್ದ ಅಜ್ಞಾತ ಪದಾರ್ಥವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು.

ಆ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ಮಾಡುವ ಕಾರ್ಯವು 1945ರಲ್ಲಿ ಅಮೆರಿಕೆಯ ಲೆಡರ್ಲಿ ಸಂಸ್ಥೆಯಲ್ಲಿ ಕೈಗೂಡಿತು. ಅಲ್ಲಿಯ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರು. ಸ್ಪ್ರೂ ಎಂಬ ಅಜೀರ್ಣವ್ಯಾಧಿಗೆ ಸಹೋದರನನ್ನು ಒಪ್ಪಿಸಿದ ದುಃಖವು ಅವರಿಗಿದ್ದಿತು. ಆ ವ್ಯಾಧಿಯಲ್ಲಿಯೂ ಫೋಲಿಕ್ ಆಮ್ಲವೇ ಔಷಧವೆಂಬುದು ವಿಧಿಯ ವೈಚಿತ್ರ್ಯ. ಇದೇ ಕಾಲದಲ್ಲಿ ಬಾಸ್ಟನ್ ನಗರದ ಸಿಡ್ನಿ ಫಾರ್ಬರರು ಮಕ್ಕಳ ರಕ್ತದ ಅರ್ಬುದವನ್ನು, ಅಂದರೆ ಲ್ಯುಕೇಮಿಯವನ್ನು, ಕುರಿತು ಚಿಂತಿಸುತ್ತಿದ್ದರು. ಈ ರೋಗದಲ್ಲಿ ಮಜ್ಜೆಯು ಅಪಕ್ವವಾದ ಬಿಳಿಯ ಕಣಗಳನ್ನು ಅಂಕೆಯಿಲ್ಲದೆ ಹೆರುತ್ತ, ಕೆಂಪು ಕಣಗಳಿಗೂ ಪ್ಲೇಟ್‌ಲೆಟ್ಟುಗಳಿಗೂ ಎಡೆಯಿಲ್ಲದಂತೆ ಮಾಡುವುದು. ರೋಗ ತಗಲಿದ ಮಕ್ಕಳು ಆಗ ಕೆಲವು ವಾರ, ಕೆಲವು ತಿಂಗಳುಗಳಲ್ಲಿ ಸಾಯುತ್ತಿದ್ದರು. ಫೋಲಿಕ್ ಆಮ್ಲವು ಕಣಗಳ ವೃದ್ಧಿಗೆ ಅಗತ್ಯವಾದರೆ, ಅದನ್ನು ತಡೆಯುವ ಪದಾರ್ಥವು ಈ ಹುಚ್ಚುಕಣಗಳ ವೃದ್ಧಿಯನ್ನು ತಡೆಯಬೇಕಲ್ಲವೇ? ಸುಬ್ಬರಾಯರ ತಂಡವು ಸಿದ್ಧಪಡಿಸಿದ ಅಮೈನಾಪ್ಟೆರಿನ್ ಎಂಬ ಪ್ರತಿರೋಧಕವನ್ನು ಫಾರ್ಬರರು 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ಸುಧಾರಣೆಯು ಕಂಡಿತು. ಆ ವರದಿಯು 1948ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಆ ಸುಧಾರಣೆಯು ತಾತ್ಕಾಲಿಕವಾಗಿದ್ದರೂ, ಔಷಧದಿಂದ ಲ್ಯುಕೇಮಿಯವು ಹಿಮ್ಮೆಟ್ಟುವುದೆಂದು ಲೋಕಕ್ಕೆ ಸಿದ್ಧವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾಯರು ತೀರಿಕೊಂಡರು. ಇಂದು ಉತ್ತಮ ಚಿಕಿತ್ಸೆಯು ಪೂರ್ಣವಾಗಿ ದೊರೆತಲ್ಲಿ ಮಕ್ಕಳ ತೀವ್ರ ಲಿಂಫಾಯಿಡ್ ಲ್ಯುಕೇಮಿಯದಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಬದುಕುಳಿಯುತ್ತಾರೆ. ಬಿಡದ ಜ್ವರ, ಬಿಳಿಚುವಿಕೆ, ಕಾರಣವಿಲ್ಲದೆ ಮೈಮೇಲೆ ಏಳುವ ನೀಲಿ ಕಲೆಗಳು, ಎಲುಬು ನೋವು, ಕುತ್ತಿಗೆಯ ಗಂಟುಗಳು ಇವು ಮಗುವಿನಲ್ಲಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅರ್ಬುದವೆಂದೊಡನೆ ಮಗುವಿನ ಆಸೆಯನ್ನು ಬಿಡುವ ಕಾಲವು ಕಳೆದುಹೋಯಿತು.

ವಂಶದಿಂದ ಬರುವ ವ್ಯಾಧಿಗಳು

1910ರಲ್ಲಿ ಚಿಕಾಗೋ ನಗರದ ಜೇಮ್ಸ್ ಹೆರಿಕ್ ಎಂಬ ವೈದ್ಯನು ಒಬ್ಬ ರೋಗಿಯ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪು ಕಣಗಳನ್ನು ವರ್ಣಿಸಿದನು. ಹಿಮೋಗ್ಲೋಬಿನ್ನಿನ ಒಂದು ಎಳೆಯಲ್ಲಿ ಆರನೆಯ ಸ್ಥಾನದಲ್ಲಿರಬೇಕಾದ ಒಂದು ಅಮೈನೋ ಆಮ್ಲಕ್ಕೆ ಬದಲಾಗಿ ಬೇರೊಂದು ಕುಳಿತಿರುವುದೇ ಇದಕ್ಕೆ ಕಾರಣವೆಂದು ವರ್ನನ್ ಇಂಗ್ರಾಮರು 1957ರ ಹೊತ್ತಿಗೆ ತೋರಿಸಿದರು. ಒಂದು ಅಕ್ಷರವು ತಪ್ಪಿದುದರಿಂದ ಇಡೀ ವಾಕ್ಯವು ಕೆಟ್ಟಂತಾಯಿತು. ಬಾಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಅಸಹ್ಯವಾದ ನೋವನ್ನು ಕೊಡುತ್ತವೆ. ಭಾರತದಲ್ಲಿ ಈ ದೋಷವು 1952ರಲ್ಲಿ ನೀಲಗಿರಿಯ ಬುಡಕಟ್ಟಿನ ಜನರಲ್ಲಿ ಮೊದಲು ಪತ್ತೆಯಾಯಿತು. ಕರ್ನಾಟಕದ ಮೈಸೂರು, ಚಾಮರಾಜನಗರ, ಕೊಡಗು ಸೀಮೆಗಳ ಕಾಡಂಚಿನ ಜನರಲ್ಲಿಯೂ ಕಂಡುಬಂದಿದೆ. 2023ರ ಜುಲೈ 1ರಂದು ಇದರ ನಿರ್ಮೂಲನಕ್ಕೆ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಗಿದೆ.

ಥಲಸೇಮಿಯವೆಂಬ ವ್ಯಾಧಿಯಲ್ಲಿ ಹಿಮೋಗ್ಲೋಬಿನ್ನಿನ ಎಳೆಯೇ ಸಾಕಷ್ಟು ತಯಾರಾಗುವುದಿಲ್ಲ. ಇದರ ಉಗ್ರರೂಪವುಳ್ಳ ಮಗುವಿಗೆ ಎರಡು ನಾಲ್ಕು ವಾರಗಳಿಗೊಮ್ಮೆ ರಕ್ತವನ್ನು ಹಾಕಿಸುತ್ತಲೇ ಇರಬೇಕು. ಹಾಕಿದ ರಕ್ತದಿಂದ ಮೈಯಲ್ಲಿ ಶೇಖರವಾಗುವ ಕಬ್ಬಿಣವನ್ನು ಔಷಧದಿಂದ ತೆಗೆಯುತ್ತಲೂ ಇರಬೇಕು. ಮಜ್ಜೆಯ ಬದಲಾವಣೆಯಿಂದ ಗುಣವಾಗುವುದುಂಟು. ಆದರೆ ಅದು ವೆಚ್ಚದ ಕಾರ್ಯ. ಈ ಎರಡು ವ್ಯಾಧಿಗಳೂ ಬರುವ ಕ್ರಮವು ಒಂದೇ. ದೋಷವನ್ನು ಒಂದೇ ಪಾಲು ಹೊತ್ತವರು ಆರೋಗ್ಯವಂತರಾಗಿಯೇ ಇರುತ್ತಾರೆ. ತಾವು ಹೊತ್ತಿರುವುದನ್ನು ಅರಿಯರು. ಅಂತಹ ಇಬ್ಬರು ಸತಿಪತಿಗಳಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ವ್ಯಾಧಿ ಬರುವ ಸಂಭವವು ನಾಲ್ಕರಲ್ಲಿ ಒಂದು. ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆಯಿರುವ ನಾಡಿನಲ್ಲಿ, ಒಂದೇ ಮನೆತನದ ದೋಷವು ಎರಡು ಕಡೆಯಿಂದಲೂ ಕೂಡುವ ಸಂಭವವು ಹೆಚ್ಚು. ಲಗ್ನಕ್ಕೆ ಮುಂಚೆ ಜಾತಕವನ್ನು ಕೂಡಿಸಿ ನೋಡುವವರು ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿದರೆ ಮುಂದಿನ ಕಣ್ಣೀರು ತಪ್ಪುವುದು. ದೋಷವನ್ನು ಹೊತ್ತವರು ಯಾರ ತಿರಸ್ಕಾರಕ್ಕೂ ಅರ್ಹರಲ್ಲ. ಅದು ಪಾಪದ ಫಲವೂ ಅಲ್ಲ, ಸೋಂಕೂ ಅಲ್ಲ.

ಹಿಮೋಫೀಲಿಯದ ಕ್ರಮವು ಬೇರೆ. ರಕ್ತವು ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಥವಾ ಒಂಬತ್ತನೆಯ ಅಂಶದ ಕೊರತೆಯುಳ್ಳ ಈ ವ್ಯಾಧಿಯನ್ನು ತಾಯಿಯು ಹೊತ್ತು, ಸಾಮಾನ್ಯವಾಗಿ ಗಂಡುಮಕ್ಕಳು ಅನುಭವಿಸುವರು. ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ಮಗನಾದ ಲಿಯೊಪೋಲ್ಡನು ಇದರಿಂದಲೇ 1884ರಲ್ಲಿ ಮೃತನಾದನು. ಅರಮನೆಯಲ್ಲಿಯೂ ಅಂದು ಔಷಧವಿರಲಿಲ್ಲ. ಇಂದು ಕೊರತೆಯಾದ ಅಂಶವನ್ನು ಚುಚ್ಚುಮದ್ದಾಗಿ ಕೊಡಬಹುದು.

ಸೊಳ್ಳೆಯಿಂದ ಬರುವ ಜ್ವರಗಳಲ್ಲಿ ಮಲೇರಿಯದ ಪರೋಪಜೀವಿಯು ಕೆಂಪು ಕಣಗಳ ಒಳಗೆ ಬೆಳೆದು ಅವನ್ನು ಒಡೆಯುವುದು. ಅದು ಸೊಳ್ಳೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡನು. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ಟುಗಳು ಇಳಿಯುತ್ತವೆ. ಆಗ ಆಸ್ಪಿರಿನ್ ಮೊದಲಾದ ನೋವಿನ ಗುಳಿಗೆಗಳನ್ನು ನುಂಗಿದರೆ ರಕ್ತಸ್ರಾವದ ಅಪಾಯವು ಹೆಚ್ಚುವುದು.

ರಕ್ತದಾನ

ಕಡೆಯದಾಗಿ ದಾನದ ವಿಚಾರ. ಇಷ್ಟೆಲ್ಲ ಸಾಧಿಸಿದ ವಿಜ್ಞಾನವು ಕೆಂಪು ಕಣಗಳನ್ನು ಆಸ್ಪತ್ರೆಗಳಿಗೆ ಸಾಕಾಗುವಷ್ಟು ಕೃತಕವಾಗಿ ತಯಾರಿಸಲು ಇನ್ನೂ ಸಮರ್ಥವಾಗಿಲ್ಲ. ಹೆರಿಗೆಯಲ್ಲಿ ರಕ್ತ ಸೋರಿದ ತಾಯಿಗೂ, ಅಪಘಾತಕ್ಕೆ ಸಿಕ್ಕವನಿಗೂ, ಥಲಸೇಮಿಯದ ಕೂಸಿಗೂ ಮನುಷ್ಯನೇ ಗತಿ. ಹಿಂದೆ ಹಣಕ್ಕಾಗಿ ರಕ್ತವನ್ನು ಮಾರುವವರಿದ್ದರು. ಬಡತನದಿಂದ ಮೇಲಿಂದ ಮೇಲೆ ಮಾರಿ ತಾವೂ ಕೆಟ್ಟು, ರೋಗಗಳನ್ನೂ ಹಂಚಿದರು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಅಂತಹ ವ್ಯಾಪಾರವು ನಿಷಿದ್ಧವಾಯಿತು. ಅಂದಿನಿಂದ ಈ ದೇಶದ ರಕ್ತನಿಧಿಗಳು ದಾನಿಗಳ ಸದ್ಭಾವವನ್ನೇ ನೆಚ್ಚಿಕೊಂಡಿವೆ.

18ರಿಂದ 65 ವಯಸ್ಸಿನೊಳಗಿನ, 45 ಕಿಲೋಗ್ರಾಂಗೆ ಕಡಿಮೆಯಿಲ್ಲದ ತೂಕದ, ಹಿಮೋಗ್ಲೋಬಿನ್ 12.5 ಗ್ರಾಂ ಆದರೂ ಇರುವ ಆರೋಗ್ಯವಂತರು ರಕ್ತವನ್ನು ಕೊಡಬಹುದು. ಒಮ್ಮೆ ತೆಗೆಯುವುದು 350 ಇಲ್ಲವೆ 450 ಮಿಲಿಲೀಟರು. ಅಂದರೆ ದೇಹದಲ್ಲಿರುವುದರ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ದ್ರವಾಂಶವು ಒಂದೆರಡು ದಿನಗಳಲ್ಲಿಯೂ, ಕಣಗಳು ಕೆಲವು ವಾರಗಳಲ್ಲಿಯೂ ತುಂಬಿಬರುತ್ತವೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಪುರುಷತ್ವವು ಕುಂದುವುದು, ಮೈ ಶಾಶ್ವತವಾಗಿ ಸೊರಗುವುದು ಎಂಬ ಭಯಗಳಿಗೆ ಆಧಾರವಿಲ್ಲ. ಹೊಸ ಸೂಜಿಯನ್ನೇ ಬಳಸುವುದರಿಂದ ಕೊಟ್ಟವರಿಗೆ ರೋಗವು ಅಂಟುವ ಭಯವೂ ಇಲ್ಲ. ತೆಗೆದ ರಕ್ತವನ್ನು ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಗಳಿಗಾಗಿ ಪರೀಕ್ಷಿಸಿ, ಕೆಂಪು ಕಣ, ಪ್ಲೇಟ್‌ಲೆಟ್, ರಕ್ತರಸಗಳಾಗಿ ಬೇರ್ಪಡಿಸುವುದರಿಂದ ಒಬ್ಬನ ದಾನವು ಮೂವರಿಗೆ ಒದಗುವುದು. ಆದರೆ ಪ್ಲೇಟ್‌ಲೆಟ್ಟುಗಳು ಐದು ದಿನಕ್ಕಿಂತ ಹೆಚ್ಚು ಬಾಳವು. ಕೆಂಪು ಕಣಗಳು ಆರು ವಾರಗಳನ್ನು ದಾಟವು. ಆದಕಾರಣ ಜಾತ್ರೆ ಜಯಂತಿಗಳಂದು ಒಂದೇ ದಿನ ನೂರಾರು ಮಂದಿ ಕೊಟ್ಟು ಮತ್ತೆ ವರ್ಷವಿಡೀ ಮರೆಯುವುದಕ್ಕಿಂತ, ಊರಿನ ಐವತ್ತು ತರುಣರು ಸರದಿಯಂತೆ ವರ್ಷವಿಡೀ ಕೊಡುತ್ತಿರುವುದು ಹೆಚ್ಚು ಉಪಯುಕ್ತ.

ಅನ್ನವನ್ನು ನೀಡಬೇಕಾದರೆ ಕಣಜ ಬೇಕು. ವಿದ್ಯೆಯನ್ನು ನೀಡಬೇಕಾದರೆ ಓದಿರಬೇಕು. ರಕ್ತವನ್ನು ನೀಡುವುದಕ್ಕೆ ಇವೆರಡೂ ಬೇಡ. ಬಡ ಕೂಲಿಕಾರನೂ ಧನಿಕನೂ ಇದರಲ್ಲಿ ಸಮಾನರು. ಮನೆಯ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ನನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವುದು, ಲಗ್ನಕ್ಕೆ ಮುಂಚೆ ವಧೂವರರ ರಕ್ತವನ್ನು ನೋಡಿಸುವುದು, ಶಕ್ತರಾದವರು ಸರದಿಯಂತೆ ರಕ್ತವನ್ನು ಕೊಡುವುದು ಈ ಮೂರು ನೇಮಗಳನ್ನು ಸಭಿಕರು ಕೈಗೊಂಡು ತಮ್ಮ ತಮ್ಮ ಗ್ರಾಮಗಳಲ್ಲಿ ನಡೆಸುವರಾದರೆ, ಈ ಮಹೋತ್ಸವದ ಫಲವು ಮುಂದಿನ ತಲೆಮಾರಿನ ಮಕ್ಕಳ ಮೈಯಲ್ಲಿ ಹರಿಯುವುದು. ಎಲ್ಲರಿಗೂ ಆಯುರಾರೋಗ್ಯಗಳು ಲಭಿಸಲಿ.